ಆಕಾಶದ ಗೋಮಾಳ ಮತ್ತು ಮಾರ್ಕೋನಿ

ದೊಡ್ಡವರ ಜೀವನಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರ ಗೆಲವುಗಳನ್ನು ಎಣಿಸುತ್ತಾರೆ. ದೊಡ್ಡವನೊಬ್ಬನ ಸೋಲಿನಿಂದ ಲೋಕಕ್ಕೆ ಒಳಿತಾದ ಸಂದರ್ಭಗಳೂ ಉಂಟು. ಅವನ್ನು ಎಣಿಸುವವರು ಕಡಮೆ. ನಿಸ್ತಂತು ವಾರ್ತಾವಿದ್ಯೆಯ ಪಿತಾಮಹನೆಂದು ಹೆಸರಾದ ಗುಗ್ಲಿಯೆಲ್ಮೊ ಮಾರ್ಕೋನಿಯ ಬಾಳಿನಲ್ಲಿ ಗೆಲವೂ ಸೋಲೂ ಎರಡೂ ಲೋಕಕ್ಕೆ ಕೊಡುಗೆಯಾದವು. ತಂತಿಯಿಲ್ಲದೆ ಸುದ್ದಿ ಕಳುಹುವ ವಿದ್ಯೆಯನ್ನು ಅವನು ತಾನಾಗಿ ಕೊಟ್ಟನು. ಆಕಾಶದಲ್ಲಿ ಹರಿಯುವ ಅಲೆಗಳು ಒಬ್ಬನ ಸೊತ್ತಲ್ಲ, ಎಲ್ಲರೂ ಹಂಚಿಕೊಂಡು ಬಳಸಬೇಕಾದದ್ದು ಎಂಬ ಧರ್ಮವನ್ನು, ಅವನು ಬೇಡವೆಂದರೂ, ಲೋಕವೇ ಅವನ ನಿಮಿತ್ತದಿಂದ ಕಟ್ಟಿಕೊಂಡಿತು. ಈ ಎರಡನೆಯ ಕಥೆಯನ್ನು ನಾನು ಇಲ್ಲಿ ಹೇಳಬೇಕೆಂದಿದ್ದೇನೆ. ಮೊದಲನೆಯದನ್ನು ಬಿಟ್ಟು ಅದನ್ನು ಹೇಳಲಾಗುವುದಿಲ್ಲ. ಆದ್ದರಿಂದ ಬುಡದಿಂದಲೇ ಹೊರಡೋಣ.

ಮಾರ್ಕೋನಿ ಹುಟ್ಟಿದ್ದು ೧೮೭೪ರ ಏಪ್ರಿಲ್ ೨೫ರಂದು, ಇಟಲಿಯ ಬೊಲೋನ್ಯ ನಗರದಲ್ಲಿ. ತಂದೆ ಜುಸೆಪ್ಪೆ ಅನುಕೂಲಸ್ಥ ಜಮೀನುದಾರ. ತಾಯಿ ಆನಿ ಜೇಮ್ಸನ್ ಐರ್ಲೆಂಡಿನವಳು. ವಿಸ್ಕಿ ಕಾಸುವ ವ್ಯಾಪಾರದಲ್ಲಿ ಪ್ರಸಿದ್ಧವಾದ ಮನೆತನದ ಮಗಳು. ತಂದೆಯ ಕಡೆಯಿಂದ ನೆಲವೂ ತಾಯಿಯ ಕಡೆಯಿಂದ ವ್ಯಾಪಾರದ ಬುದ್ಧಿಯೂ ಬಂದವೆಂದು ಹೇಳುವುದು ಸುಲಭ. ಆದರೆ ಅವನ ಬಾಳನ್ನು ನೋಡಿದರೆ ಆ ಮಾತಿನಲ್ಲಿ ಹುರುಳಿಲ್ಲದೆಯೂ ಇಲ್ಲ. ಹುಡುಗನಿಗೆ ಕ್ರಮವಾದ ಶಾಲಾಶಿಕ್ಷಣ ಹೆಚ್ಚಾಗಿ ದೊರೆಯಲಿಲ್ಲ. ವಿಶ್ವವಿದ್ಯಾನಿಲಯದ ಪದವೀಧರನೂ ಅವನಲ್ಲ. ಮನೆಯ ಪಾಠ, ತಾಯಿಯ ಪ್ರೋತ್ಸಾಹ, ತನ್ನಷ್ಟಕ್ಕೆ ತಾನು ಓದಿದ ಭೌತಶಾಸ್ತ್ರ, ಇವೇ ಅವನ ಬಂಡವಾಳ.

ವಿದ್ಯುತ್ಕಾಂತ ಅಲೆಗಳಿವೆಯೆಂದು ಗಣಿತದಿಂದ ಸಾಧಿಸಿದವನು ಇಂಗ್ಲೆಂಡಿನಲ್ಲಿ ದುಡಿದ ಸ್ಕಾಟ್ ವಿದ್ವಾಂಸ ಮ್ಯಾಕ್ಸ್‌ವೆಲ್. ಅವನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿ ತೋರಿಸಿದವನು ಜರ್ಮನಿಯ ಹೈನ್ರಿಕ್ ಹರ್ಟ್ಸ್. ೧೮೯೪ರ ಹೊಸವರ್ಷದ ದಿನ ಹರ್ಟ್ಸ್ ಮೂವತ್ತೇಳು ತುಂಬುವ ಮುನ್ನವೇ ತೀರಿಕೊಂಡನು. ಬೊಲೋನ್ಯದ ಪ್ರಾಧ್ಯಾಪಕ ಔಗುಸ್ತೊ ರೀಗಿ ಆತನ ಕೆಲಸವನ್ನು ಕುರಿತು ಬರೆದ ಲೇಖನ ಅದೇ ವರ್ಷ ಇಪ್ಪತ್ತರ ಹರೆಯದ ಮಾರ್ಕೋನಿಯ ಕೈಗೆ ಬಂದಿತು. ಪಂಡಿತರಿಗೆ ಆ ಅಲೆಗಳು ಪ್ರಕೃತಿಯ ಒಂದು ಸತ್ಯವಾಗಿದ್ದವು. ಈ ಹುಡುಗನಿಗೆ ಅವು ಸುದ್ದಿ ಒಯ್ಯುವ ಓಲೆಕಾರರಂತೆ ಕಂಡವು.

ಪೊಂತೆಕ್ಕಿಯೊ ಎಂಬಲ್ಲಿದ್ದ ತಮ್ಮ ವಿಲ್ಲಾ ಗ್ರಿಫೋನೆಯ ಅಟ್ಟದ ಮೇಲೆ ಅವನು ಪ್ರಯೋಗಕ್ಕೆ ತೊಡಗಿದನು. ಕಿಡಿ ಹಾರಿಸುವ ಯಂತ್ರ ಒಂದು ಕಡೆ. ಲೋಹದ ಪುಡಿ ತುಂಬಿದ ಗಾಜಿನ ನಳಿಗೆ ಇನ್ನೊಂದು ಕಡೆ. ಅಲೆ ತಾಕಿದಾಗ ಪುಡಿ ಕೂಡಿಕೊಂಡು ವಿದ್ಯುತ್ತಿಗೆ ದಾರಿ ಕೊಡುತ್ತದೆ. ಇದಾವುದೂ ಅವನ ಸ್ವಂತ ಸೃಷ್ಟಿಯಲ್ಲ. ಆದರೆ ಯಂತ್ರದ ಒಂದು ತುದಿಯನ್ನು ನೆಲಕ್ಕೆ ಹೂತು, ಇನ್ನೊಂದು ತುದಿಗೆ ಎತ್ತರದ ತಂತಿಯನ್ನು ಕಟ್ಟಿದೊಡನೆ ದೂರ ಬೆಳೆಯಿತು. ೧೮೯೫ರಲ್ಲಿ ಮನೆಯೆದುರಿನ ಗುಡ್ಡವನ್ನು ದಾಟಿ ಸುಮಾರು ಎರಡು ಕಿಲೋಮೀಟರು ಆಚೆಗೆ ಸಂಕೇತ ಹೋಯಿತು. ಕಣ್ಣಿಗೆ ಕಾಣದ ಆ ಮಗ್ಗುಲಲ್ಲಿ ಸಂಕೇತ ಮುಟ್ಟಿತೆಂಬುದನ್ನು ತಿಳಿಸಲು ಅಲ್ಲಿದ್ದವರು ಕೋವಿಯ ಗುಂಡು ಹಾರಿಸಿದರಂತೆ. ಮುಂದೆ ಲೋಕವನ್ನೇ ಸುತ್ತಿದ ವಿದ್ಯೆಯೊಂದಕ್ಕೆ ಮೊದಲ ರಸೀತಿ ಒಂದು ಈಡು.

೧೮೯೬ರಲ್ಲಿ ತಾಯಿಯೊಡನೆ ಅವನು ಲಂಡನ್ನಿಗೆ ಹೋದನು. ಹಡಗುಗಳ ರಾಜ್ಯವಾದ ಇಂಗ್ಲೆಂಡಿನಲ್ಲಿ ಇಂಥ ವಿದ್ಯೆಗೆ ಗಿರಾಕಿಗಳು ಸಿಕ್ಕುವರೆಂದು ಆ ತಾಯಿ ಬಲ್ಲಳು. ಜೂನ್ ೨ರಂದು ಏಕಸ್ವಾಮ್ಯದ ಸನ್ನದಿಗೆ ಅರ್ಜಿ ಹೋಯಿತು. ಬ್ರಿಟಿಷ್ ಅಂಚೆ ಇಲಾಖೆಯ ಮುಖ್ಯ ಇಂಜಿನಿಯರು ವಿಲಿಯಂ ಪ್ರೀಸ್ ಆದರದಿಂದ ಕೈಹಿಡಿದನು. ೧೮೯೭ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕೊಲ್ಲಿಯ ನೀರಿನ ಮೇಲೆ ಸಂಕೇತಗಳು ಹಾರಿದವು. ಅದನ್ನು ನೋಡಲು ಬಂದವರಲ್ಲಿ ಬರ್ಲಿನ್ನಿನ ಪ್ರಾಧ್ಯಾಪಕ ಅಡಾಲ್ಫ್ ಸ್ಲಾಬಿಯೂ ಒಬ್ಬ. ಅವನು ನೋಡಿದ್ದನ್ನು ಮರೆಯದೆ ತನ್ನ ದೇಶಕ್ಕೆ ಹಿಂತಿರುಗಿ ತನ್ನದೇ ಒಂದು ಕ್ರಮವನ್ನು ಬೆಳೆಸಿದನು. ಮುಂದಿನ ಜಗಳದ ಬೀಜ ಅಲ್ಲಿ ಬಿದ್ದಿತು. ಜುಲೈ ೨೦ರಂದು ಮಾರ್ಕೋನಿಯ ಕಂಪೆನಿ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಆಗ ಅವನಿಗೆ ಇಪ್ಪತ್ತಮೂರು ವರ್ಷ.

ಇದೇ ಕಾಲದಲ್ಲಿ ನಮ್ಮ ದೇಶದಲ್ಲೂ ಒಬ್ಬರು ಇದೇ ಅಲೆಗಳೊಡನೆ ಆಡುತ್ತಿದ್ದರು. ೧೮೯೫ರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಜಗದೀಶಚಂದ್ರ ಬೋಸರು ಗೋಡೆಗಳಾಚೆಯಿಂದ ಅಲೆ ಕಳುಹಿಸಿ ಗಂಟೆ ಬಾರಿಸಿದರು, ಸಿಡಿಮದ್ದನ್ನು ಹೊತ್ತಿಸಿದರು. ಕೆಲವೇ ಮಿಲಿಮೀಟರು ಉದ್ದದ ಅಲೆಗಳನ್ನು ಹುಟ್ಟಿಸುವುದರಲ್ಲಿ ಅವರಿಗೆ ಆಗ ಸಮಾನರಿರಲಿಲ್ಲ. ೧೮೯೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದ ಅವರ ಪ್ರಬಂಧ ಅಲೆ ಹಿಡಿಯುವ ಹೊಸ ಉಪಕರಣವೊಂದನ್ನು ವರ್ಣಿಸಿತು. ಎರಡು ವರ್ಷಗಳ ಬಳಿಕ ಮಾರ್ಕೋನಿ ಬಳಸಿದ ಪಾದರಸದ ಗ್ರಾಹಕಕ್ಕೆ ಅದೇ ಮೂಲವೆಂದು ವಾದಿಸಿರುವ ವಿದ್ವಾಂಸರಿದ್ದಾರೆ. ಬೋಸರಿಗೆ ಸನ್ನದುಗಳಲ್ಲಿ ಆಸಕ್ತಿಯಿರಲಿಲ್ಲ. ಕಂಡದ್ದನ್ನು ಲೋಕದ ಮುಂದಿಟ್ಟು ತಮ್ಮ ಪಾಡಿಗೆ ಸಸ್ಯಗಳ ಕಡೆಗೆ ತಿರುಗಿದರು. ಮಾರ್ಕೋನಿ ಕಂಡದ್ದಕ್ಕೆಲ್ಲ ಬೇಲಿ ಹಾಕಿದನು. ಒಬ್ಬರನ್ನು ಸಂತನೆಂದೂ ಇನ್ನೊಬ್ಬನನ್ನು ಲೋಭಿಯೆಂದೂ ಕರೆದು ಮುಗಿಸುವ ವಿಷಯವಲ್ಲ ಇದು. ಬೇಲಿಯಿಲ್ಲದಿದ್ದರೆ ಬಂಡವಾಳ ಬರುತ್ತಿರಲಿಲ್ಲ, ಬಂಡವಾಳವಿಲ್ಲದೆ ಕಡಲಿನ ಮೇಲೆ ನಿಲಯಗಳು ಏಳುತ್ತಿರಲಿಲ್ಲ. ಪ್ರಶ್ನೆಯಿರುವುದು ಬೇಲಿ ಎಲ್ಲಿಯವರೆಗೆ ಎಂಬುದರಲ್ಲಿ.

ಮಾರ್ಕೋನಿಯ ಬೇಲಿ ಯಂತ್ರದ ಸುತ್ತ ಮಾತ್ರ ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ ತಂತಿವಾರ್ತೆಯನ್ನು ಹಣಕ್ಕೆ ಸಾಗಿಸುವ ಹಕ್ಕು ಕಾನೂನಿನ ಪ್ರಕಾರ ಅಂಚೆ ಇಲಾಖೆಗೆ ಮೀಸಲಾಗಿತ್ತು. ಇದನ್ನು ದಾಟಲು ಕಂಪೆನಿ ಒಂದು ಜಾಣ ಉಪಾಯ ಹೂಡಿತು. ಅದು ಹಡಗಿನವರಿಗೆ ಯಂತ್ರವನ್ನು ಮಾರಲಿಲ್ಲ. ಯಂತ್ರವನ್ನೂ ಅದನ್ನು ನಡೆಸುವ ಆಳನ್ನೂ ಒಟ್ಟಿಗೆ ಬಾಡಿಗೆಗೆ ಕೊಟ್ಟಿತು. ಆಳು ಹಡಗಿನಲ್ಲಿದ್ದರೂ ಕಂಪೆನಿಯ ನೌಕರ. ಸುದ್ದಿ ಕಂಪೆನಿಯ ಒಂದು ನಿಲಯದಿಂದ ಅದೇ ಕಂಪೆನಿಯ ಇನ್ನೊಂದು ನಿಲಯಕ್ಕೆ ಹೋಗುವ ಮನೆಮಾತು! ಈ ವ್ಯವಸ್ಥೆಯೊಡನೆ ಒಂದು ಕಟ್ಟಪ್ಪಣೆಯೂ ಬಂದಿತು: ಬೇರೆಯವರ ಯಂತ್ರವುಳ್ಳ ಹಡಗು ಕರೆದರೆ ಮಾರ್ಕೋನಿಯ ನಿಲಯ ಉತ್ತರ ಕೊಡಕೂಡದು, ಪ್ರಾಣಾಪಾಯದ ಸಂದರ್ಭವೊಂದನ್ನು ಬಿಟ್ಟು. ೧೯೦೧ರಲ್ಲಿ ಹಡಗುಗಳ ವಿಮೆಗೆ ಹೆಸರಾದ ಲಾಯ್ಡ್ಸ್ ಸಂಸ್ಥೆಯೊಡನೆ ದೀರ್ಘಕಾಲದ ಒಪ್ಪಂದವಾದ ಮೇಲೆ ಈ ಅಪ್ಪಣೆಗೆ ಲೋಕದ ದೊಡ್ಡ ಬಂದರುಗಳಲ್ಲೆಲ್ಲ ಬಲ ಬಂದಿತು. ನಮ್ಮ ಹಳ್ಳಿಗಳಲ್ಲಿ ಊರ ದನಗಳೆಲ್ಲ ಮೇಯಲೆಂದು ಬಿಟ್ಟ ನೆಲವನ್ನು ಗೋಮಾಳವೆನ್ನುತ್ತೇವೆ. ಆಕಾಶವೆಂಬ ಗೋಮಾಳಕ್ಕೆ ಒಬ್ಬ ಸಾಹುಕಾರನು ಬೇಲಿ ಹಾಕಿ ತನ್ನ ಮುದ್ರೆಯಿಲ್ಲದ ದನವನ್ನು ಹೊರಗಟ್ಟಿದಂತಾಯಿತು.

ಇಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಮಾತು. ಅಲೆಗಳನ್ನು ಹಂಚಿಕೊಳ್ಳಬೇಕಾದ ಅಗತ್ಯ ಏಕೆ ಬರುತ್ತದೆ? ಎರಡು ತಂಬೂರಿಗಳನ್ನು ಒಂದೇ ಶ್ರುತಿಗೆ ಕೂಡಿಸಿಟ್ಟರೆ ಒಂದನ್ನು ಮೀಟಿದಾಗ ಇನ್ನೊಂದು ತಾನಾಗಿ ಮಿಡಿಯುತ್ತದೆ. ನಿಸ್ತಂತುವೂ ಹೀಗೆಯೇ. ಕಳುಹುವ ಯಂತ್ರವೂ ಹಿಡಿಯುವ ಯಂತ್ರವೂ ಒಂದೇ ತರಂಗಾಂತರಕ್ಕೆ ಶ್ರುತಿಗೊಂಡಿರಬೇಕು. ೧೯೦೦ರ ಏಪ್ರಿಲಿನಲ್ಲಿ ಮಾರ್ಕೋನಿ ಪಡೆದ ೭೭೭೭ನೆಯ ಸಂಖ್ಯೆಯ ಪ್ರಸಿದ್ಧ ಸನ್ನದು ಈ ಶ್ರುತಿಗೂಡಿಸುವ ವಿಧಾನವನ್ನು ಕುರಿತದ್ದೇ. ಆದರೆ ಒಂದೇ ಪ್ರದೇಶದಲ್ಲಿ ಇಬ್ಬರು ಒಂದೇ ಶ್ರುತಿಯಲ್ಲಿ ಮಾತನಾಡಿದರೆ ಇಬ್ಬರ ಮಾತೂ ಕೆಡುತ್ತದೆ. ಅಂದಿನ ಕಿಡಿಯಂತ್ರದ ಅಲೆಯಂತೂ ಒಂದು ಸ್ವರದಲ್ಲಿ ನಿಲ್ಲದೆ ಅಕ್ಕಪಕ್ಕದ ಸ್ವರಗಳಿಗೂ ಚೆಲ್ಲುತ್ತಿತ್ತು. ಅಲೆಗೆ ದೇಶದ ಎಲ್ಲೆ ತಿಳಿಯದು. ಆದ್ದರಿಂದ ಯಾರು ಯಾವ ಶ್ರುತಿಯಲ್ಲಿ, ಯಾವಾಗ ಮಾತನಾಡಬೇಕೆಂಬುದನ್ನು ಒಂದು ಸರ್ಕಾರ ತಾನೊಂದೇ ಗೊತ್ತುಮಾಡಲು ಬರುವಂತಿಲ್ಲ. ನೆರೆಯವನು ಒಪ್ಪಿದರೆ ಮಾತ್ರ ನಮ್ಮ ಮನೆಯ ಮಾತು ನಮಗೆ ಕೇಳಿಸುವುದು.

೧೯೦೧ರ ಡಿಸೆಂಬರ್ ೧೨ರಂದು ಮಾರ್ಕೋನಿಯ ಬಾಳಿನ ಶಿಖರಮುಹೂರ್ತ ಬಂದಿತು. ಇಂಗ್ಲೆಂಡಿನ ಪೋಲ್ಡು ಎಂಬ ಕಡಲತೀರದ ನಿಲಯ ಮೂರು ಚುಕ್ಕೆಗಳ ಸಂಕೇತವನ್ನು ಮತ್ತೆ ಮತ್ತೆ ಹೊರಡಿಸುತ್ತಿತ್ತು. ಅಟ್ಲಾಂಟಿಕ್ ಸಾಗರದ ಈಚೆಗೆ, ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಬಿರುಗಾಳಿಯಲ್ಲಿ ಗಾಳಿಪಟವೊಂದು ತಂತಿಯನ್ನು ಎತ್ತಿ ಹಿಡಿದಿತ್ತು. ಮಾರ್ಕೋನಿಯೂ ಅವನ ಸಹಾಯಕ ಕೆಂಪ್‌ನೂ ಕಿವಿಗೊಟ್ಟು ಆ ಮೂರು ಮಿಡಿತಗಳನ್ನು ಕೇಳಿದೆವೆಂದರು. ಕಾಗದದ ಮೇಲೆ ದಾಖಲೆಯಿರಲಿಲ್ಲ. ಅಂದೂ ನಂಬದವರಿದ್ದರು, ಇಂದೂ ಇದ್ದಾರೆ. ಮರುವರ್ಷ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಕುಳಿತು, ಸಾವಿರಾರು ಕಿಲೋಮೀಟರುಗಳ ದೂರದಿಂದ ಬಂದ ಸಂಕೇತಗಳನ್ನು ಕಾಗದದ ಪಟ್ಟಿಯ ಮೇಲೆಯೇ ಮೂಡಿಸಿ ಅವನು ಉತ್ತರ ಕೊಟ್ಟನು.

ಆದರೆ ನ್ಯೂಫೌಂಡ್‌ಲೆಂಡಿನಲ್ಲಿ ನಡೆದ ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಹೆಚ್ಚು ಹಿಡಿದಿದೆ. ಕಡಲಡಿಯ ತಂತಿಯನ್ನು ನಡೆಸುತ್ತಿದ್ದ ಆಂಗ್ಲೊ-ಅಮೆರಿಕನ್ ಟೆಲಿಗ್ರಾಫ್ ಕಂಪೆನಿಗೆ ಆ ದ್ವೀಪದಲ್ಲಿ ತಂತಿವಾರ್ತೆಯ ಏಕಸ್ವಾಮ್ಯವಿತ್ತು. ಮಾರ್ಕೋನಿಯ ಯಶಸ್ಸಿನ ಸುದ್ದಿ ಹೊರಬಿದ್ದೊಡನೆ, ಪ್ರಯೋಗವನ್ನು ನಿಲ್ಲಿಸದಿದ್ದರೆ ನ್ಯಾಯಾಲಯಕ್ಕೆ ಹೋಗುವುದಾಗಿ ಆ ಕಂಪೆನಿ ಎಚ್ಚರಿಕೆಯ ಪತ್ರ ಕಳುಹಿಸಿತು. ಅವನು ಗಂಟುಮೂಟೆ ಕಟ್ಟಿಕೊಂಡು ಕೆನಡದ ಗ್ಲೇಸ್ ಬೇ ಎಂಬಲ್ಲಿಗೆ ಹೋಗಿ ನಿಲಯ ಕಟ್ಟಬೇಕಾಯಿತು. ಬೇಲಿಯ ಮುಳ್ಳು ಎಷ್ಟು ಚುಚ್ಚುವುದೆಂಬುದು ಬೇಲಿ ಹಾಕಿದವನಿಗೇ ಹೀಗೆ ತಿಳಿಯಿತು. ತಿಳಿದರೂ ಅವನು ತನ್ನ ಬೇಲಿಯನ್ನು ಸಡಿಲಿಸಲಿಲ್ಲ.

೧೯೦೨ರಲ್ಲಿ ಜರ್ಮನಿಯ ಚಕ್ರವರ್ತಿಯ ತಮ್ಮ ರಾಜಕುಮಾರ ಹೈನ್ರಿಕ್ ಅಮೆರಿಕದ ಪ್ರವಾಸ ಮುಗಿಸಿ ಡಾಯ್‌ಚ್‌ಲಾಂಟ್ ಹಡಗಿನಲ್ಲಿ ಹಿಂತಿರುಗುತ್ತಿದ್ದನು. ಆತಿಥ್ಯಕ್ಕೆ ಕೃತಜ್ಞತೆ ಹೇಳಿ ಅಧ್ಯಕ್ಷ ರೂಸ್‌ವೆಲ್ಟರಿಗೆ ನಿಸ್ತಂತು ಸಂದೇಶ ಕಳುಹಬೇಕೆಂದರೆ ಹಡಗಿನಲ್ಲಿದ್ದದ್ದು ಸ್ಲಾಬಿಯ ಕ್ರಮದ ಯಂತ್ರ. ಕಡಲತೀರದಲ್ಲಿದ್ದದ್ದು ಮಾರ್ಕೋನಿಯ ನಿಲಯ. ನಿಲಯ ಸಂದೇಶವನ್ನು ತೆಗೆದುಕೊಳ್ಳಲಿಲ್ಲ. ರಾಜಕುಮಾರನಿಗಾದ ಅವಮಾನ ರಾಷ್ಟ್ರದ ಅವಮಾನವೆನಿಸಿತು. ಜರ್ಮನಿಯ ಕೋಪದಲ್ಲಿ ನ್ಯಾಯವೂ ಇತ್ತು, ಸ್ವಾರ್ಥವೂ ಇತ್ತು. ೧೯೦೩ರ ಮೇ ತಿಂಗಳಲ್ಲಿ ಅದರ ಎರಡು ದೊಡ್ಡ ವಿದ್ಯುತ್ ಕಂಪೆನಿಗಳು ಕೂಡಿ ಟೆಲಿಫುಂಕೆನ್ ಎಂಬ ಸಂಸ್ಥೆಯನ್ನು ಕಟ್ಟಿದ್ದವು. ಅದಕ್ಕೂ ಮಾರುಕಟ್ಟೆ ಬೇಕಾಗಿತ್ತು. ಲೋಕದ ಎಷ್ಟೋ ಒಳ್ಳೆಯ ಕಟ್ಟಳೆಗಳು ಶುದ್ಧವಾದ ಕೈಗಳಿಂದ ಹುಟ್ಟಿದವಲ್ಲ.

ಆ ವರ್ಷದ ಆಗಸ್ಟಿನಲ್ಲಿ ಜರ್ಮನಿ ಕರೆದ ಪೂರ್ವಭಾವಿ ಸಮ್ಮೇಳನ ಬರ್ಲಿನ್ನಿನಲ್ಲಿ ಸೇರಿತು. ಯಂತ್ರ ಯಾರದೆಂದು ನೋಡದೆ ಕಡಲತೀರದ ನಿಲಯಗಳು ಎಲ್ಲ ಹಡಗುಗಳ ಸುದ್ದಿಯನ್ನೂ ತೆಗೆದುಕೊಳ್ಳಬೇಕೆಂಬುದೇ ಅಲ್ಲಿನ ಮುಖ್ಯ ಸೂತ್ರ. ಮಾರ್ಕೋನಿಯೊಡನೆ ಒಪ್ಪಂದಗಳಿಗೆ ಕಟ್ಟುಬಿದ್ದಿದ್ದ ಇಟಲಿಯೂ ಬ್ರಿಟನ್ನೂ ಹಿಂದೆಗೆದವು. ಅದಕ್ಕೆ ಎರಡು ತಿಂಗಳ ಹಿಂದೆ, ಜೂನಿನಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಒಂದು ವಿನೋದ ನಡೆದಿತ್ತು. ಶ್ರುತಿಗೂಡಿಸಿದ ನಿಸ್ತಂತುವಿಗೆ ಬೇರೆಯವರು ಕೈ ಹಾಕಲಾರರೆಂದು ಕಂಪೆನಿ ಹೇಳಿಕೊಳ್ಳುತ್ತಿದ್ದ ಕಾಲ ಅದು. ಪ್ರಾಧ್ಯಾಪಕ ಫ್ಲೆಮಿಂಗ್ ಉಪನ್ಯಾಸ ಕೊಡುತ್ತ, ಮಾರ್ಕೋನಿ ದೂರದಿಂದ ಕಳುಹುವ ಸಂದೇಶವನ್ನು ಸಭೆಗೆ ತೋರಿಸಲು ಕಾದಿದ್ದಾಗ, ಮಸ್ಕಲಿನ್ ಎಂಬ ಇಂದ್ರಜಾಲಿಗ ಹತ್ತಿರದಿಂದಲೇ ಅಲೆ ಹೊರಡಿಸಿ ಯಂತ್ರದಲ್ಲಿ ಅಪಹಾಸ್ಯದ ಮಾತುಗಳನ್ನು ಮೂಡಿಸಿದನು. ಸಭ್ಯರು ಸಿಟ್ಟಾದರು. ಆದರೆ ಇಂದ್ರಜಾಲಿಗ ತೋರಿಸಿಕೊಟ್ಟದ್ದು ನಿಜ. ಆಕಾಶದ ಬೇಲಿ ನೆರೆಯವನ ಸಮ್ಮತಿಯಿಂದ ಮಾತ್ರ ನಿಲ್ಲತಕ್ಕದ್ದು.

೧೯೦೬ರ ಅಕ್ಟೋಬರಿನಲ್ಲಿ ಬರ್ಲಿನ್ನಿನಲ್ಲಿಯೇ ಪೂರ್ಣ ಸಮ್ಮೇಳನ ನಡೆದು, ನವೆಂಬರ್ ೩ರಂದು ಇಪ್ಪತ್ತೈದಕ್ಕೂ ಹೆಚ್ಚು ರಾಷ್ಟ್ರಗಳ ಒಪ್ಪಂದಕ್ಕೆ ಸಹಿ ಬಿದ್ದಿತು. ಇಂದು ಆಕಾಶವನ್ನು ಆಳುತ್ತಿರುವ ನಿಯಮಾವಳಿಗೆ ಇದೇ ಮೂಲ. ಹಡಗಿಗೂ ತೀರಕ್ಕೂ ನಡುವೆ ಯಂತ್ರಭೇದವಿಲ್ಲದೆ ಸುದ್ದಿ ಸಾಗಬೇಕು. ಸಾರ್ವಜನಿಕ ಸುದ್ದಿಗೆ ೩೦೦ ಮತ್ತು ೬೦೦ ಮೀಟರುಗಳ ತರಂಗಾಂತರಗಳು. ೬೦೦ರಿಂದ ೧೬೦೦ ಮೀಟರುಗಳ ನಡುವಿನ ಹರವು ಸಾರ್ವಜನಿಕರಿಗಲ್ಲ. ಅದು ನೌಕಾಪಡೆ, ಸೇನೆಗಳಂಥ ಕೆಲಸಗಳಿಗೆ. ಅಪಾಯದಲ್ಲಿರುವವನ ಕೂಗಿಗೆ ಎಲ್ಲಕ್ಕಿಂತ ಮೊದಲ ಸ್ಥಾನ. ಆ ಕೂಗಿಗೆ ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆಗಳ ಒಂದೇ ಗುರುತು. ಪ್ರತಿಯೊಂದು ನಿಲಯದ ವಿವರವನ್ನೂ ಬರ್ನ್ ನಗರದ ಅಂತರರಾಷ್ಟ್ರೀಯ ತಂತಿ ಕಚೇರಿಗೆ ತಿಳಿಸಿ ಪಟ್ಟಿಯಲ್ಲಿ ಬರೆಸಬೇಕು. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯ ಮೇಲೆ ಬಿಡುವ ನೀರುಗಂಟಿಯನ್ನು ಕಂಡಿರುವ ನಮಗೆ ಈ ವ್ಯವಸ್ಥೆ ಅಪರಿಚಿತವಲ್ಲ. ನೀರುಗಂಟಿ ಕೆರೆಯ ಒಡೆಯನಲ್ಲ. ಆದರೆ ಅವನಿಲ್ಲದಿದ್ದರೆ ಮೇಲಿನ ಗದ್ದೆ ಕೊಳೆತು ಕೆಳಗಿನ ಗದ್ದೆ ಒಣಗುತ್ತದೆ.

ಮಾರ್ಕೋನಿಯ ಪಕ್ಷವನ್ನೂ ಹೇಳುವುದು ನ್ಯಾಯ. ಗುಡ್ಡಗಳ ಮೇಲೆ, ಬಂಡೆಗಳ ಮೇಲೆ ನಿಲಯಗಳನ್ನು ಕಟ್ಟಿದ್ದು ಅವನ ಕಂಪೆನಿ. ಅದಕ್ಕೆ ಸುರಿದ ಹಣ ಅದರ ಪಾಲುದಾರರದು. ಕಟ್ಟದವರು ಬಂದು ಕಟ್ಟಿದವರ ಛತ್ರದಲ್ಲಿ ಹಕ್ಕಿನಿಂದ ಉಣ್ಣುವುದು ಯಾವ ಧರ್ಮ? ಕೀಳು ಯಂತ್ರಗಳನ್ನು ಒಳಗೆ ಬಿಟ್ಟರೆ ಒಳ್ಳೆಯ ಯಂತ್ರಗಳ ಕೆಲಸವೂ ಕೆಡದೆ? ೧೯೦೭ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಕಂಪೆನಿ ಒಪ್ಪಂದವನ್ನು ವಿರೋಧಿಸಿ ಬಲವಾಗಿ ವಾದಿಸಿತು. ಆ ವಾದದಲ್ಲಿ ತಿರುಳಿತ್ತು. ಆದರೆ ಛತ್ರ ಕಟ್ಟಿದವನಿಗೆ ಛತ್ರದ ಮೇಲೆ ಹಕ್ಕುಂಟೇ ಹೊರತು ಅದರ ಮುಂದೆ ಹಾದುಹೋಗುವ ಹೆದ್ದಾರಿಯ ಮೇಲೆ ಇಲ್ಲ. ಕೊನೆಗೆ ಬ್ರಿಟನ್ ಒಪ್ಪಿತು. ೧೯೦೮ರ ಜುಲೈ ೧ರಿಂದ ಒಪ್ಪಂದ ಜಾರಿಗೆ ಬಂದಿತು. ಅಮೆರಿಕ ಮಾತ್ರ ೧೯೧೨ರವರೆಗೂ ಅನುಮೋದನೆ ಕೊಡದೆ ಉಳಿಯಿತು.

ವಿಧಿಗೆ ವಿನೋದಬುದ್ಧಿಯುಂಟೆಂದು ತೋರುತ್ತದೆ. ೧೯೦೯ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಮಾರ್ಕೋನಿಗೆ ಬಂದಾಗ ಅದು ಅವನೊಬ್ಬನಿಗೇ ಬರಲಿಲ್ಲ. ಅದರಲ್ಲಿ ಅರ್ಧ, ಜರ್ಮನ್ ಯಂತ್ರಗಳಿಗೆ ತಳಹದಿ ಹಾಕಿದ ಪ್ರಾಧ್ಯಾಪಕ ಕಾರ್ಲ್ ಫರ್ಡಿನಾಂಡ್ ಬ್ರೌನ್‌ಗೆ ಹೋಯಿತು. ಅಲೆಯನ್ನು ಹಂಚಿಕೊಳ್ಳಲು ಒಪ್ಪದವನು ಅಲೆಯ ಕೀರ್ತಿಯನ್ನು ಪ್ರತಿಸ್ಪರ್ಧಿಯೊಡನೆ ಸ್ಟಾಕ್‌ಹೋಮಿನ ಒಂದೇ ವೇದಿಕೆಯಲ್ಲಿ ಹಂಚಿಕೊಂಡನು. ಅದೇ ವರ್ಷದ ಜನವರಿಯಲ್ಲಿ ರಿಪಬ್ಲಿಕ್ ಎಂಬ ಹಡಗು ಮಂಜಿನಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದಿತ್ತು. ಮಾರ್ಕೋನಿ ಕಂಪೆನಿಯ ತರುಣ ಜ್ಯಾಕ್ ಬಿನ್ಸ್ ಒಡೆದ ಕೋಣೆಯಲ್ಲಿ ಕುಳಿತು ಕಳುಹಿಸಿದ ಕರೆಗಳಿಂದ ಸುಮಾರು ಒಂದೂವರೆ ಸಾವಿರ ಜನ ಉಳಿದರು. ನಿಸ್ತಂತುವಿದ್ದರೆ ಕಡಲಿನಲ್ಲಿ ಭಯವಿಲ್ಲವೆಂಬ ನಂಬಿಕೆ ಜನಗಳಲ್ಲಿ ಬೇರೂರಿತು.

ಆ ನಂಬಿಕೆ ಟೈಟಾನಿಕ್ ಹಡಗಿನೊಡನೆ ಮುಳುಗಿತು. ೧೯೧೨ರ ಏಪ್ರಿಲ್ ೧೪ರ ರಾತ್ರಿಯ ಕಥೆಯನ್ನು ವಾಚಕರು ಬಲ್ಲರು. ನಮ್ಮ ವಿಷಯಕ್ಕೆ ಸಲ್ಲುವಷ್ಟನ್ನು ಮಾತ್ರ ಹೇಳುತ್ತೇನೆ. ಹಡಗಿನ ನಿಸ್ತಂತುವಿನವರು, ಫಿಲಿಪ್ಸ್ ಮತ್ತು ಬ್ರೈಡ್, ಮಾರ್ಕೋನಿ ಕಂಪೆನಿಯ ನೌಕರರು. ಸಂಜೆಯೆಲ್ಲ ಪ್ರಯಾಣಿಕರ ಖಾಸಗಿ ಸಂದೇಶಗಳ ರಾಶಿ. ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗು, ಸುತ್ತಲೂ ಹಿಮ ಕವಿದು ತಾನು ನಿಂತಿರುವುದಾಗಿ ತಿಳಿಸಲು ನಡುವೆ ಬಾಯಿ ಹಾಕಿತು. ಹತ್ತಿರದ ಅಲೆಯ ಅಬ್ಬರಕ್ಕೆ ದೂರದ ತೀರದ ಮಾತು ಮುಚ್ಚಿಹೋಗಿ, ಫಿಲಿಪ್ಸ್ ಬೇಸರದಿಂದ ಸುಮ್ಮನಿರುವಂತೆ ಗದರಿಸಿದನು. ಸ್ವಲ್ಪ ಹೊತ್ತಿನ ಮೇಲೆ ಕ್ಯಾಲಿಫೋರ್ನಿಯನ್ನಿನ ಒಬ್ಬನೇ ನಿಸ್ತಂತುಗಾರ ಯಂತ್ರ ನಿಲ್ಲಿಸಿ ಮಲಗಿದನು. ಟೈಟಾನಿಕ್ ಕೂಗಿದಾಗ ಹತ್ತಿರದ ಕಿವಿ ಮುಚ್ಚಿತ್ತು. ದೂರದ ಕಾರ್ಪೇಥಿಯ ಹಡಗಿನ ನಿಸ್ತಂತುಗಾರ ಮಲಗಲು ಸಿದ್ಧನಾಗಿದ್ದರೂ ಇನ್ನೂ ಕಿವಿಯ ಸಾಧನವನ್ನು ತೆಗೆದಿರಲಿಲ್ಲ. ಏಳುನೂರಕ್ಕೂ ಹೆಚ್ಚು ಜೀವಗಳು ಆ ಆಕಸ್ಮಿಕದಿಂದ ಉಳಿದವು. ಸುಮಾರು ಒಂದೂವರೆ ಸಾವಿರ ಜನ ಅಳಿದರು. ಫಿಲಿಪ್ಸ್ ಅಳಿದವರಲ್ಲಿ ಒಬ್ಬ.

ಮಾರ್ಕೋನಿ ಆಗ ನ್ಯೂಯಾರ್ಕಿನಲ್ಲಿದ್ದನು. ಕಾರ್ಪೇಥಿಯ ಬಂದರಿಗೆ ಬಂದ ರಾತ್ರಿ ಅವನು ಹಡಗನ್ನೇರಿ, ಕಾಲು ನೊಂದಿದ್ದ ಬ್ರೈಡನನ್ನು ಕಂಡನು. ಲೋಕ ಅವನನ್ನು ಜೀವದಾತನೆಂದು ಹೊಗಳಿತು. ಅಮೆರಿಕದ ಸೆನೆಟ್ಟಿನ ವಿಚಾರಣೆ ಅವನನ್ನು ಪ್ರಶ್ನಿಸಿತು. ಎರಡೂ ಸರಿಯೇ. ಯಂತ್ರವಿಲ್ಲದಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲವೇನೋ. ಯಂತ್ರವಿದ್ದೂ, ಯಾವಾಗ ಮಾತನಾಡಬೇಕು, ಯಾವಾಗ ಕೇಳಬೇಕು ಎಂಬ ಕಟ್ಟಳೆ ಎಲ್ಲರನ್ನೂ ಕಟ್ಟದಿದ್ದುದರಿಂದ ಅಷ್ಟು ಜನ ಅಳಿದರು.

ಅದೇ ಜೂನಿನಲ್ಲಿ, ಮೊದಲೇ ಗೊತ್ತಾಗಿದ್ದಂತೆ, ಲಂಡನ್ನಿನ ಸಮ್ಮೇಳನ ಸೇರಿತು. ಆರು ವರ್ಷ ಹಿಂದೆ ತಿಂಗಳುಗಟ್ಟಲೆ ನಡೆದ ವಾದ ಈಗ ಯಾರ ಬಾಯಲ್ಲೂ ಬರಲಿಲ್ಲ. ಹಡಗು ಹಡಗುಗಳ ನಡುವೆಯೂ ಯಂತ್ರಭೇದ ಕೂಡದೆಂಬುದು ಕಡ್ಡಾಯವಾಯಿತು. ೧೯೧೪ರ ಜನವರಿಯಲ್ಲಿ ಆದ ಜೀವರಕ್ಷಣೆಯ ಒಪ್ಪಂದ ಹಡಗುಗಳಲ್ಲಿ ನಿಸ್ತಂತುವಿನ ಕಾವಲನ್ನು ಗೊತ್ತುಮಾಡಿತು. ಮುಂದೆ ಕಡಲಿನಲ್ಲೆಲ್ಲ ಒಂದು ಸುಂದರವಾದ ಪದ್ಧತಿ ನೆಲೆಗೊಂಡಿತು. ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ, ೬೦೦ ಮೀಟರಿನ ಅಲೆಯ ಮೇಲೆ ಯಾರೂ ಮಾತನಾಡಕೂಡದು; ಎಲ್ಲರೂ ಕಿವಿಗೊಟ್ಟು ಕೂಡಬೇಕು, ಎಲ್ಲಿಯಾದರೂ ಒಂದು ಕ್ಷೀಣವಾದ ಕೂಗು ಕೇಳಿಬಂದೀತೆಂದು. ಹಡಗಿನ ನಿಸ್ತಂತು ಕೋಣೆಯ ಗಡಿಯಾರದಲ್ಲಿ ಆ ನಿಮಿಷಗಳಿಗೆ ಕೆಂಪು ಬಣ್ಣ ಬಳಿದಿರುತ್ತಿದ್ದರು. ಉಪಗ್ರಹಗಳನ್ನು ಬಳಸುವ ಹೊಸ ವ್ಯವಸ್ಥೆ ೧೯೯೯ರಲ್ಲಿ ಪೂರ್ಣವಾಗಿ ಜಾರಿಗೆ ಬರುವವರೆಗೂ ಆ ಗಡಿಯಾರಗಳು ಕೆಲಸ ಮಾಡಿದವು. ಮೌನವನ್ನು ಹಂಚಿಕೊಳ್ಳುವುದೇ ಅಲೆಯನ್ನು ಹಂಚಿಕೊಳ್ಳುವುದರ ಮೊದಲ ಪಾಠವೆಂದು ನನಗೆ ತೋರುತ್ತದೆ.

ಮಾರ್ಕೋನಿಗೆ ೧೯೧೨ ಕೆಟ್ಟ ವರ್ಷ. ಸೆಪ್ಟೆಂಬರಿನಲ್ಲಿ ಇಟಲಿಯಲ್ಲಿ ನಡೆದ ಮೋಟಾರು ಅಪಘಾತದಲ್ಲಿ ಬಲಗಣ್ಣು ಹೋಯಿತು. ಇಂಗ್ಲೆಂಡಿನಲ್ಲಿ ಮಂತ್ರಿಗಳು ಮಾರ್ಕೋನಿ ಕಂಪೆನಿಗಳ ಷೇರು ಕೊಂಡ ವಿಷಯ ದೊಡ್ಡ ಹಗರಣವಾಯಿತು. ಯುದ್ಧಕಾಲದ ಸೇವೆಯ ಬಳಿಕ ೧೯೧೯ರಲ್ಲಿ ಅವನು ಒಂದು ಹಡಗನ್ನು ಕೊಂಡು ಎಲೆತ್ರಾ ಎಂದು ಹೆಸರಿಟ್ಟು ತೇಲುವ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡನು. ದೊಡ್ಡ ದೂರಕ್ಕೆ ದೊಡ್ಡ ಅಲೆಯೇ ಬೇಕೆಂದು ನಂಬಿ ಹಣ ಸುರಿದಿದ್ದವನು ತನ್ನ ನಡುವಯಸ್ಸಿನಲ್ಲಿ ಸಣ್ಣ ಅಲೆಗಳ ಕಡೆಗೆ ತಿರುಗಿದನು. ತನ್ನ ಸಹಾಯಕ ಫ್ರಾಂಕ್ಲಿನ್‌ನೊಡನೆ ೧೯೨೩-೨೪ರಲ್ಲಿ ಅವನು ಮಾಡಿದ ಪ್ರಯೋಗಗಳಿಂದ ಸಣ್ಣ ಅಲೆಯನ್ನು ಕಿರಣದಂತೆ ಒಂದೇ ದಿಕ್ಕಿಗೆ ಹರಿಸುವ ಕ್ರಮ ಸಿದ್ಧವಾಯಿತು. ೧೯೨೭ರಲ್ಲಿ ಇಂಗ್ಲೆಂಡಿಗೂ ಭಾರತಕ್ಕೂ ಈ ಕ್ರಮದಿಂದ ಸಂಪರ್ಕ ಏರ್ಪಟ್ಟಿತು. ನಮ್ಮ ಕಡೆಯ ನಿಲಯಗಳು ಪುಣೆಯ ಬಳಿಯ ಖಡ್ಕಿಯಲ್ಲಿಯೂ ದೌಂಡಿನಲ್ಲಿಯೂ ಇದ್ದವು.

ಸಣ್ಣ ಅಲೆಗಳು ಲೋಕವನ್ನೆಲ್ಲ ಸುತ್ತತೊಡಗಿದ ಮೇಲೆ ಹಂಚಿಕೆಯ ಪ್ರಶ್ನೆ ಕಡಲಿನಿಂದ ನೆಲಕ್ಕೆ ಹತ್ತಿತು. ಹಾಡು, ಭಾಷಣಗಳನ್ನು ಬಿತ್ತರಿಸುವ ಪ್ರಸಾರ ನಿಲಯಗಳು ಬೇರೆ ನಾಯಿಕೊಡೆಗಳಂತೆ ಎದ್ದಿದ್ದವು. ೧೯೨೭ರ ಅಕ್ಟೋಬರಿನಿಂದ ನವೆಂಬರಿನವರೆಗೆ ವಾಷಿಂಗ್‌ಟನ್ನಿನಲ್ಲಿ ಸುಮಾರು ೮೦ ರಾಷ್ಟ್ರಗಳು ಕುಳಿತು, ೧೦ ಕಿಲೋಹರ್ಟ್ಸ್‌ನಿಂದ ೬೦ ಮೆಗಾಹರ್ಟ್ಸ್‌ವರೆಗಿನ ಹರವನ್ನು ಪಾಲುಮಾಡಿದವು. ಇಲ್ಲೊಂದು ಮುಖ್ಯವಾದ ವಿವೇಕವಿದೆ. ಪಾಲು ಮಾಡಿದ್ದು ದೇಶದೇಶಗಳಿಗಲ್ಲ, ಕೆಲಸಕೆಲಸಗಳಿಗೆ. ಇಷ್ಟು ಹಡಗಿಗೆ, ಇಷ್ಟು ವಿಮಾನಕ್ಕೆ, ಇಷ್ಟು ಪ್ರಸಾರಕ್ಕೆ, ಇಷ್ಟು ನೆಲದ ನಿಲಯಗಳಿಗೆ, ಇಷ್ಟು ಹವ್ಯಾಸಿಗಳಿಗೆ. ಅಕ್ಕಪಕ್ಕಕ್ಕೆಲ್ಲ ಚೆಲ್ಲುವ ಕಿಡಿಯಂತ್ರಗಳಿಗೆ ಕ್ರಮವಾಗಿ ನಿವೃತ್ತಿ. ಮಾರ್ಕೋನಿಯ ಕೀರ್ತಿಗೆ ಕಾರಣವಾದ ಕಿಡಿಯನ್ನು ಲೋಕ ಹೀಗೆ ಗೌರವದಿಂದ ಹೊರಗಿಟ್ಟಿತು. ೧೯೩೨ರಲ್ಲಿ ಮ್ಯಾಡ್ರಿಡ್‌ನಲ್ಲಿ ತಂತಿ, ನಿಸ್ತಂತು ಎರಡೂ ಒಪ್ಪಂದಗಳು ಕೂಡಿಕೊಂಡು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೆಂಬ ಹೆಸರು ಹುಟ್ಟಿತು.

ಕೊನೆಯ ಹದಿನೈದು ವರ್ಷಗಳ ಕುರಿತು ಬರೆಯುವಾಗ ಲೇಖನಿ ಹಿಂಜರಿಯುತ್ತದೆ. ೧೯೨೩ರಲ್ಲಿ ಮಾರ್ಕೋನಿ ಫ್ಯಾಸಿಸ್ಟ್ ಪಕ್ಷವನ್ನು ಸೇರಿದನು. ೧೯೩೦ರಲ್ಲಿ ಮುಸೊಲಿನಿ ಅವನನ್ನು ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷನನ್ನಾಗಿ ಮಾಡಿದನು. ಎಲ್ಲ ದೇಶಗಳ ಎಲ್ಲೆಯನ್ನು ದಾಟುವ ವಿದ್ಯೆಯನ್ನು ಕೊಟ್ಟವನು ಎಲ್ಲೆಗಳನ್ನೇ ಪೂಜಿಸುವವರ ಮಗ್ಗುಲಲ್ಲಿ ನಿಂತನು. ವಿಜ್ಞಾನಿಯ ಮಹತ್ತ್ವ ಮನುಷ್ಯನ ಮಹತ್ತ್ವಕ್ಕೆ ಹೊಣೆಯಾಗದೆಂಬುದಕ್ಕೆ ಇದೂ ಒಂದು ನಿದರ್ಶನ. ಆದರೆ ಕೈ ಮಾತ್ರ ಕೊನೆಯವರೆಗೂ ಸುಮ್ಮನಿರಲಿಲ್ಲ. ೧೯೩೧ರಲ್ಲಿ ವ್ಯಾಟಿಕನ್ನಿನ ರೇಡಿಯೋ ನಿಲಯವನ್ನು ಕಟ್ಟಿಕೊಟ್ಟನು. ಆಮೇಲೆ ಅರ್ಧ ಮೀಟರಿನಷ್ಟು ಸಣ್ಣ ಅಲೆಗಳಿಂದ ವ್ಯಾಟಿಕನ್ನಿಗೂ ಪೋಪರ ಬೇಸಿಗೆಯ ಅರಮನೆಗೂ ಮಾತಿನ ಸೇತುವೆ ಹಾಕಿದನು. ಅದೇ ದಶಕದಲ್ಲಿ, ೧೯೩೫ರಲ್ಲಿ, ನಮ್ಮ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಪುಟ್ಟ ನಿಲಯ ಮಾತನಾಡತೊಡಗಿ, ಆಕಾಶವಾಣಿ ಎಂಬ ಹೆಸರನ್ನು ದೇಶಕ್ಕೆ ಕೊಟ್ಟಿತು.

೧೯೩೭ರ ಜುಲೈ ೨೦ರಂದು, ಕಂಪೆನಿ ಸ್ಥಾಪಿತವಾಗಿ ಸರಿಯಾಗಿ ನಲವತ್ತು ವರ್ಷ ತುಂಬಿದ ದಿನ, ರೋಮಿನಲ್ಲಿ ಮಾರ್ಕೋನಿಯ ಹೃದಯ ನಿಂತಿತು. ನಾಲ್ಕು ತಿಂಗಳ ಬಳಿಕ, ನವೆಂಬರ್ ೨೩ರಂದು, ಬೋಸರೂ ತೀರಿಕೊಂಡರು. ಮಾರ್ಕೋನಿಯ ಅಂತ್ಯಕ್ರಿಯೆಯ ಹೊತ್ತಿಗೆ ಬ್ರಿಟನ್ನಿನ ಅಂಚೆ ಇಲಾಖೆಯ ನಿಸ್ತಂತು ನಿಲಯಗಳೂ ಬಿ.ಬಿ.ಸಿ.ಯ ಪ್ರಸಾರ ನಿಲಯಗಳೂ ಎರಡು ನಿಮಿಷ ಮೌನ ತಾಳಿದವು. ಆಕಾಶವನ್ನು ಮಾತಿನಿಂದ ತುಂಬಿದವನಿಗೆ ಆಕಾಶ ಮೌನದ ಕಾಣಿಕೆ ಕೊಟ್ಟಿತು. ಅವನ ಹೆಸರಿನಲ್ಲಿ ಎಲ್ಲ ನಿಲಯಗಳೂ ಒಪ್ಪಿ ಒಟ್ಟಿಗೆ ಸುಮ್ಮನಾದದ್ದು, ಅವನು ಒಪ್ಪದಿದ್ದ ತತ್ತ್ವಕ್ಕೆ ಸಂದ ಜಯವೂ ಹೌದು.

ಅವನ ಕಾಲದ ಜಗಳ ಅವನೊಡನೆ ಮುಗಿಯಲಿಲ್ಲ. ಇನ್ನಷ್ಟು ಎತ್ತರಕ್ಕೆ ಏರಿತು. ೧೯೫೭ರಲ್ಲಿ ಸ್ಪುಟ್ನಿಕ್ ಉಪಗ್ರಹ ೨೦ ಮತ್ತು ೪೦ ಮೆಗಾಹರ್ಟ್ಸ್‌ಗಳ ಅಲೆಗಳ ಮೇಲೆ ದನಿಗೈದಾಗ ಅಂತರಿಕ್ಷಕ್ಕೆಂದು ಒಂದು ಪಾಲೂ ಗೊತ್ತಾಗಿರಲಿಲ್ಲ. ೧೯೬೩ರಲ್ಲಿ ಜಿನೀವದ ಸಮ್ಮೇಳನ ಉಪಗ್ರಹಗಳಿಗೆ ಮೊದಲ ದೊಡ್ಡ ಪಾಲನ್ನು ಹಂಚಿತು. ಸಮಭಾಜಕ ವೃತ್ತದ ಮೇಲೆ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ, ಉಪಗ್ರಹ ನೆಲದ ಮೇಲೆ ನಿಂತಂತೆಯೇ ಕಾಣುವ ಒಂದೇ ಒಂದು ಪಥವಿದೆ. ಮೊದಲು ಬಂದವರಿಗೆ ಮೊದಲ ಜಾಗವೆಂದರೆ, ತಡವಾಗಿ ಕಣ್ಣು ತೆರೆದ ಬಡ ದೇಶಗಳ ಗತಿಯೇನು? ೧೯೭೩ರ ಒಪ್ಪಂದ ಅಲೆಗಳನ್ನೂ ಆ ಪಥವನ್ನೂ ಮಿತವಾದ ನೈಸರ್ಗಿಕ ಸಂಪತ್ತೆಂದು ಒಪ್ಪಿ, ನ್ಯಾಯವಾದ ಪಾಲು ಎಲ್ಲರಿಗೂ ಸಲ್ಲಬೇಕೆಂದಿತು. ೧೯೭೬ರಲ್ಲಿ ಬೊಗೊಟಾದಲ್ಲಿ ಸೇರಿದ ಎಂಟು ಸಮಭಾಜಕ ದೇಶಗಳು ತಮ್ಮ ತಲೆಯ ಮೇಲಿನ ಪಥ ತಮ್ಮದೇ ಎಂದು ಸಾರಿದವು. ಲೋಕ ಅದನ್ನು ಒಪ್ಪಲಿಲ್ಲ. ಬೇಲಿ ಬಡವನದಾದರೂ ಬೇಲಿಯೇ. ನಮ್ಮ ಇನ್ಸಾಟ್ ಉಪಗ್ರಹಗಳನ್ನು ಹಾಸನದ ಕೇಂದ್ರದಿಂದ ನಡೆಸಲು ಸಾಧ್ಯವಾದದ್ದು ಈ ಹಂಚಿಕೆಯಲ್ಲಿ ನಮಗೂ ಜಾಗ ದೊರೆತದ್ದರಿಂದ.

೨೦೧೯ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್ ನಗರದಲ್ಲಿ ನಡೆದ ಸಮ್ಮೇಳನದ ಒಂದು ವಾದವನ್ನು ಇಲ್ಲಿ ಹೇಳಬೇಕು. ಗಾಳಿಯಲ್ಲಿರುವ ನೀರಾವಿ ತಾನಾಗಿ ೨೩.೮ ಗಿಗಾಹರ್ಟ್ಸ್ ಸುತ್ತಿನಲ್ಲಿ ಅತಿ ಮೆಲ್ಲನೆಯ ಅಲೆಯನ್ನು ಸೂಸುತ್ತದೆ. ಹವಾಮಾನದ ಉಪಗ್ರಹಗಳು ಅದಕ್ಕೆ ಕಿವಿಗೊಟ್ಟು ಮಳೆಯ ಮುನ್ಸೂಚನೆಗೆ ಬೇಕಾದ ಅಂಶಗಳನ್ನು ಕೂಡಿಸುತ್ತವೆ. ಅದರ ಪಕ್ಕದ ಹರವನ್ನೇ ಹೊಸ ತಲೆಮಾರಿನ ಮೊಬೈಲ್ ಸೇವೆಗಳು ಕೇಳಿದವು. ಅವು ಚೆಲ್ಲುವ ಸದ್ದಿಗೆ ಮಿತಿಯೆಷ್ಟೆಂಬುದೇ ವಾದ. ಮೊಬೈಲಿಗೆ ಹರವೂ ದೊರೆಯಿತು, ಚೆಲ್ಲಾಟಕ್ಕೆ ಮಿತಿಯೂ ಬಿದ್ದಿತು. ಆ ಮಿತಿ ಸಾಲದೆಂದು ಹವಾಮಾನದವರು ಕೊರಗಿದರು. ನನ್ನ ಕಣ್ಣಿಗೆ ಇದು ಟೈಟಾನಿಕ್ಕಿನ ರಾತ್ರಿಯ ಮಾತೇ. ಒಂದು ಕಡೆ ಹಣ ಕೊಡುವವರ ಸಂದೇಶಗಳ ಗದ್ದಲ. ಇನ್ನೊಂದು ಕಡೆ ಹಿಮವಿದೆಯೆಂದೋ ಮಳೆಯಿದೆಯೆಂದೋ ಹೇಳುವ ಒಂದು ಸಣ್ಣ ದನಿ.

ಮಾರ್ಕೋನಿಯನ್ನು ನಾನು ಚಿಕ್ಕವನೆಂದು ಎಣಿಸುವುದಿಲ್ಲ. ಗುಡ್ಡದ ಆಚೆಗೆ ಮಾತು ಹೋಗಬಹುದೆಂದು ಪಂಡಿತರು ಎಣಿಸದಿದ್ದಾಗ ಕಳುಹಿಸಿ ತೋರಿಸಿದವನು ಅವನು. ಕಡಲಿನಲ್ಲಿ ಉಳಿದ ಒಂದೊಂದು ಜೀವವೂ ಅವನಿಗೆ ಋಣಿ. ಆದರೆ ನಮ್ಮ ಮಕ್ಕಳಿಗೆ ಅವನ ಬಾಳನ್ನು ಹೇಳುವಾಗ ಗಾಳಿಪಟದ ಕಥೆಯಷ್ಟನ್ನೇ ಹೇಳಿ ನಿಲ್ಲಿಸುವುದು ಸಾಲದು. ಬರ್ಲಿನ್ನಿನ ಮೇಜಿನ ಸುತ್ತ ಕುಳಿತು ಅವನ ಬೇಲಿಯನ್ನು ಕಿತ್ತ ಆ ಕಚೇರಿಯ ಜನರನ್ನೂ ಹೇಳಬೇಕು. ಅವರ ಹೆಸರು ಯಾರಿಗೂ ನೆನಪಿಲ್ಲ. ಅವರಿಗೆ ನೊಬೆಲ್ ಬಹುಮಾನವೂ ಬರಲಿಲ್ಲ. ಅವರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ದೇಶದ ಲಾಭಕ್ಕೆಂದೇ ಬಂದವರು. ಆದರೂ ಎದ್ದು ಹೋಗುವಾಗ ಎಲ್ಲರಿಗೂ ಸಲ್ಲುವ ಒಂದು ಕಟ್ಟಳೆಯನ್ನು ಬಿಟ್ಟುಹೋದರು. ಇಂದು ಸಾವಿರಾರು ಉಪಗ್ರಹಗಳನ್ನು ತಮ್ಮದೆಂದು ಹಾರಿಸುವ ಸಾಹುಕಾರರು ಮತ್ತೆ ಹುಟ್ಟಿರುವಾಗ, ಗೋಮಾಳ ಉಳಿಯುವುದು ಅಂಥ ಬೇಸರದ ಮೇಜುಗಳ ಸುತ್ತ ತಾಳ್ಮೆಯಿಂದ ಕೂಡುವವರಿಂದಲೇ.